‘ಬರೀ ಹನ್ನೆರಡು ಜನ’ ಅನ್ನಬೇಡಿ, ಮೇಷ್ಟ್ರೇ

ಓದುಗರ ಪತ್ರ: ನಮ್ಮದು ಸಣ್ಣ ಪಟ್ಟಣ. ಶಾಂತಿ ಮತ್ತು ನ್ಯಾಯಕ್ಕಾಗಿ ಅಂತ ಒಂದು ಬಳಗ ಕಟ್ಟಿಕೊಂಡು 11 ವರ್ಷವಾಯಿತು. ತಿಂಗಳಿಗೊಮ್ಮೆ, ಎರಡನೇ ಶನಿವಾರ ಸಂಜೆ ಸೇರುತ್ತೇವೆ. ಮೊದಲು ಐದು ನಿಮಿಷ ಮೌನ, ಆಮೇಲೆ ಮಾತುಕತೆ, ಕೊನೆಗೆ ಮನೆಗಳಿಂದ ತಂದದ್ದನ್ನು ಹಂಚಿಕೊಂಡು ಊಟ. ಇಷ್ಟು ವರ್ಷದಲ್ಲಿ ಒಮ್ಮೆಯೂ ಜಗಳವಾಗಿಲ್ಲ ಅನ್ನುವುದು ನಮ್ಮ ಹೆಮ್ಮೆ. ಆದರೆ ಈಗ ಬರೀ ಹನ್ನೆರಡು ಜನ ಬರುತ್ತಾರೆ. ಬರೀ ಮಾತಾಡಿ ಎದ್ದು ಹೋಗುತ್ತೇವೆ. ಲೋಕದಲ್ಲಿ ಯುದ್ಧಗಳು ನಿಂತಿಲ್ಲ. ‘ಬರೀ ನಿಮ್ಮ ಸಮಾಧಾನಕ್ಕೆ ಸೇರ್ತೀರಿ’ ಅಂತ ಅಳಿಯ ಹೇಳುತ್ತಾನೆ. ಸಭೆ ನಿಲ್ಲಿಸಿ ವಾಟ್ಸಾಪ್ ಗುಂಪಿನಲ್ಲೇ ಮುಂದುವರಿಯೋಣ ಅಂತ ಕೆಲವರ ಸಲಹೆ. ನೀವೇನು ಹೇಳುತ್ತೀರಿ? ಹಾಗೇ, 11 ವರ್ಷದ ಹಾಜರಿ ಪುಸ್ತಕಗಳನ್ನು ಏನು ಮಾಡಲಿ?
— ನಿವೃತ್ತ ಶಿಕ್ಷಕರೊಬ್ಬರು (ಹೆಸರು ಬೇಡ ಎಂದಿದ್ದಾರೆ)

ಮೇಷ್ಟ್ರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಬೇಜಾರಾಯಿತು. ಎರಡನೇ ಸಲ ಸ್ವಲ್ಪ ಸಿಟ್ಟು ಬಂತು. ಮೂರನೇ ಸಲ ಕೆಂಪು ಪೆನ್ನು ತಗೊಂಡು ಒಂದು ಪದಕ್ಕೆ ಸುತ್ತು ಹಾಕಿದೆ. ‘ಬರೀ’. ಅಷ್ಟು ಚಿಕ್ಕ ಪತ್ರದಲ್ಲಿ ಅದು ಮೂರು ಕಡೆ ಇದೆ. ಬರೀ ಹನ್ನೆರಡು ಜನ, ಬರೀ ಮಾತು, ಬರೀ ಸಮಾಧಾನ. ಕೊನೆಯದು ಅಳಿಯಂದಿರ ಮಾತು, ಸರಿ. ಮೊದಲ ಎರಡು ನಿಮ್ಮವೇ. ಜೀವನವಿಡೀ ಮಕ್ಕಳ ಪುಸ್ತಕ ತಿದ್ದಿದವರು ನೀವು. ಇವತ್ತು ನಿಮ್ಮದನ್ನು ನಾನು ತಿದ್ದುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅಳಿಯಂದಿರ ಮಾತನ್ನು ಮೊದಲು ನೋಡೋಣ. ಅದರಲ್ಲಿ ನಿಜ ಇದೆ. 2003ರ ಫೆಬ್ರವರಿ 15ರಂದು ಜಗತ್ತಿನ ನೂರಾರು ನಗರಗಳಲ್ಲಿ ಲಕ್ಷಾಂತರ ಜನ ಒಂದೇ ದಿನ ಬೀದಿಗಿಳಿದು, ಇರಾಕ್ ಮೇಲೆ ಯುದ್ಧ ಬೇಡ ಅಂದರು. ಮಾರ್ಚ್ 20ಕ್ಕೆ ಯುದ್ಧ ಶುರುವಾಯಿತು. ನಡುವೆ ಐದು ವಾರ ಕೂಡ ಇರಲಿಲ್ಲ. ಅಷ್ಟು ಜನ ಸೇರಿ ಆಗದ್ದು ಹನ್ನೆರಡು ಜನರಿಂದ ಆಗುತ್ತಾ ಅಂತ ಅವರು ಕೇಳಿದರೆ ನನ್ನ ಹತ್ತಿರ ವಾದ ಇಲ್ಲ. ನಿಮ್ಮ ಶನಿವಾರದ ಸಭೆಯಿಂದ ದೂರದ ಫಿರಂಗಿ ನಿಲ್ಲುವುದಿಲ್ಲ.

ಆದರೆ ಸಭೆ ಇರುವುದು ಅದಕ್ಕೇ ಅಂತ ಯಾರು ಹೇಳಿದ್ದು?

ಅಮೆರಿಕದ ಮಾಂಟ್ಗೊಮರಿಯ ಬಸ್ ಬಹಿಷ್ಕಾರದ ಕಥೆ ನಿಮಗೆ ಗೊತ್ತು. ನೀವೇ ತರಗತಿಯಲ್ಲಿ ಹೇಳಿರುತ್ತೀರಿ. 1955ರ ಡಿಸೆಂಬರ್ 1, ರೋಸಾ ಪಾರ್ಕ್ಸ್ ಅನ್ನುವ ಕರಿಯ ಹೆಂಗಸು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ, ಬಂಧನವಾಯಿತು, ಊರು ಎದ್ದು ನಿಂತಿತು. ನಾವು ಹೀಗೇ ಹೇಳುತ್ತೇವೆ, ಒಬ್ಬ ಹೆಂಗಸಿನ ಧೈರ್ಯದಿಂದ ರಾತ್ರೋರಾತ್ರಿ ಎಲ್ಲಾ ಆಯಿತು ಅನ್ನುವ ಹಾಗೆ. ಆ ರಾತ್ರಿ ನಿಜಕ್ಕೂ ಏನಾಯಿತು ನೋಡಿ. ಜೋ ಆನ್ ರಾಬಿನ್ಸನ್ ಅನ್ನುವ ಕಾಲೇಜು ಅಧ್ಯಾಪಕಿ, ನಿಮ್ಮದೇ ವೃತ್ತಿಯವರು, ಪ್ರತಿ ತೆಗೆಯುವ ಕಾಲೇಜಿನ ಮಿಮಿಯೋಗ್ರಾಫ್ ಯಂತ್ರದ ಮುಂದೆ ನಿಂತು, ಸೋಮವಾರ ಬಸ್ ಹತ್ತಬೇಡಿ ಅನ್ನುವ ಕರಪತ್ರಗಳನ್ನು ಬೆಳಗಾಗುವವರೆಗೆ ತೆಗೆದರು. ಒಂದಲ್ಲ ಎರಡಲ್ಲ, ಸಾವಿರಾರು. ಮರುದಿನ ಅವು ಊರಿಡೀ ಹಂಚಿಹೋದವು. ಸೋಮವಾರ ಬಸ್ಸುಗಳು ಖಾಲಿ ಓಡಿದವು.

ಹಂಚಿದವರು ಯಾರು? ಅಲ್ಲಿನ ಮಹಿಳಾ ರಾಜಕೀಯ ಮಂಡಳಿಯ ಹೆಂಗಸರು. ಆ ಮಂಡಳಿ ಶುರುವಾದದ್ದು 1946ರಲ್ಲಿ. ಒಂಬತ್ತು ವರ್ಷ ಅವರು ಸೇರಿದ್ದರು, ಮಾತಾಡಿದ್ದರು, ಅರ್ಜಿ ಬರೆದಿದ್ದರು, ಅಧಿಕಾರಿಗಳನ್ನು ಕಂಡು ಬರಿಗೈಯಲ್ಲಿ ವಾಪಸ್ ಬಂದಿದ್ದರು. ಆ ಒಂಬತ್ತು ವರ್ಷದಲ್ಲಿ ಅವರ ಅಳಿಯಂದಿರೂ ‘ಏನು ಪ್ರಯೋಜನ’ ಅಂತ ಕೇಳಿರಬೇಕು. ಆದರೆ ಯಾವ ಕೇರಿಗೆ ಯಾರು ಹೋಗಬೇಕು, ಯಾರು ಮಾತು ಉಳಿಸಿಕೊಳ್ಳುತ್ತಾರೆ, ಯಾರ ಬಾಯಿ ಗಟ್ಟಿ, ಇದೆಲ್ಲ ಆ ಹೆಂಗಸರಿಗೆ ಆಗಲೇ ಗೊತ್ತಿತ್ತು. ಬರೀ ಮಾತಾಡಿದ್ದರಿಂದಲೇ ಗೊತ್ತಾದದ್ದು.

ರೋಸಾ ಪಾರ್ಕ್ಸ್ ಅವರದ್ದೇ ಇನ್ನೊಂದು ಸಂಗತಿ ಇದೆ. ಅದೇ ವರ್ಷದ ಬೇಸಿಗೆಯಲ್ಲಿ ಅವರು ಟೆನೆಸಿಯ ಹೈಲ್ಯಾಂಡರ್ ಶಾಲೆಗೆ ಹೋಗಿದ್ದರು. ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಮಾತಾಡಿ, ಒಟ್ಟಿಗೆ ಉಂಡು ಕಲಿಯುವ ಜಾಗ ಅದು. ಊರಿಗೆ ಹೋಗಿ ಏನು ಮಾಡುತ್ತೀರಿ ಅಂತ ಕೊನೆಗೆ ಕೇಳಿದಾಗ, ನಮ್ಮ ಊರಲ್ಲಿ ಜನ ಒಗ್ಗಟ್ಟಾಗಿ ನಿಲ್ಲುವುದಿಲ್ಲ, ಅಲ್ಲಿ ಏನೂ ಆಗಲಿಕ್ಕಿಲ್ಲ ಅನ್ನುವ ಅನುಮಾನವನ್ನೇ ಅವರು ಹೇಳಿದರು. ನಾಲ್ಕು ತಿಂಗಳಲ್ಲಿ ಅದೇ ಊರು ಬಸ್ ಬಿಟ್ಟಿತು, ಮುಂದೆ 381 ದಿನ ನಡೆದುಕೊಂಡು ಓಡಾಡಿತು. ನಿಮ್ಮ ಪತ್ರದಲ್ಲಿರುವ ಸುಸ್ತು ಅವರ ಮಾತಿನಲ್ಲೂ ಇತ್ತು, ಮೇಷ್ಟ್ರೇ. ಸುಸ್ತಾದವರಿಗೆ ಭವಿಷ್ಯ ಸರಿಯಾಗಿ ಕಾಣುವುದಿಲ್ಲ.

ಈಗ ನನ್ನದೊಂದು ಅನುಭವ. ವರದಿಗಾರನಾಗಿ ಸೇರಿದ ಹೊಸತು. ಇಂಥದ್ದೇ ಒಂದು ಬಳಗದ ಸಭೆಗೆ ಕಳಿಸಿದ್ದರು. ಒಂಬತ್ತು ಜನ ಇದ್ದರು. ವರದಿ ಬರೆದು ಕೊಟ್ಟೆ. ‘ಎಷ್ಟು ಜನ?’ ಅಂತ ಮೇಜಿನ ಆ ಕಡೆಯಿಂದ ಕೇಳಿದರು. ಹೇಳಿದೆ. ಹಾಳೆ ಬುಟ್ಟಿಗೆ ಬಿತ್ತು. ನಾನು ಮಾತ್ರ ಆಮೇಲೂ ಹೋಗುತ್ತಿದ್ದೆ, ವರದಿಗಲ್ಲ, ಸುಮ್ನೆ. ಎರಡು ವರ್ಷದ ನಂತರ ಒಂದು ರಾತ್ರಿ ಆ ಊರಲ್ಲಿ ಕೆಟ್ಟ ಸುದ್ದಿ ಹಬ್ಬಿತು. ಈ ಕೇರಿಯವರು ಆ ಕೇರಿಯ ಹುಡುಗನನ್ನು ಹೊಡೆದು ಹಾಕಿದ್ದಾರೆ ಅಂತ. ಎರಡೂ ಕಡೆ ಜನ ಹೊರಗೆ ನಿಂತಿದ್ದರು. ಕೆಲವರ ಕೈಯಲ್ಲಿ ದೊಣ್ಣೆ ಇತ್ತು. ಆ ಒಂಬತ್ತು ಜನರಲ್ಲಿ ಒಬ್ಬ ಟೈಲರ್ ಈ ಕೇರಿಯವರು, ಒಬ್ಬ ಕಾಂಪೌಂಡರ್ ಆ ಕೇರಿಯವರು. ತಿಂಗಳಿಗೊಮ್ಮೆ ಒಂದೇ ಚಾಪೆ ಮೇಲೆ ಕೂತವರು. ಟೈಲರ್ ನೇರವಾಗಿ ಹೋಗಿ ಕಾಂಪೌಂಡರ್ ಮನೆ ಬಾಗಿಲು ತಟ್ಟಿದರು. ಇಬ್ಬರೂ ಆಸ್ಪತ್ರೆಗೆ ಹೋದರು. ಹುಡುಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ, ಅಷ್ಟೇ. ಅಲ್ಲಿಂದ ಇಬ್ಬರೂ ಜೊತೆಯಾಗಿ ಮನೆ ಮನೆಗೆ ನಡೆದರು. ಕೋಳಿ ಕೂಗುವ ಹೊತ್ತಿಗೆ ಬೀದಿ ಖಾಲಿಯಾಗಿತ್ತು.

ಮರುದಿನ ಪತ್ರಿಕೆಯಲ್ಲಿ ಏನೂ ಬರಲಿಲ್ಲ. ಏನೂ ಆಗಿರಲಿಲ್ಲವಲ್ಲ. ನಮ್ಮ ಕಸುಬಿನ ದೊಡ್ಡ ತಪ್ಪು ಇದೇ ಅಂತ ನನಗೆ ಅವತ್ತಿನಿಂದ ಅನಿಸಿದೆ. ಬೆಂಕಿ ಬಿದ್ದರೆ ಮುಖಪುಟ. ಬೀಳದಂತೆ ರಾತ್ರಿಯಿಡೀ ಓಡಾಡಿದವರಿಗೆ ಒಂದು ಸಾಲೂ ಇಲ್ಲ. ಎಲ್ಲಿ ಹೋದರೂ ಮೊದಲು ತಲೆ ಎಣಿಸುತ್ತೇವೆ. ಆ ಅಭ್ಯಾಸ ಓದುಗರಿಗೂ ಅಂಟಿದೆ. ನಿಮ್ಮಂಥವರು ‘ಬರೀ ಹನ್ನೆರಡು’ ಅಂತ ಬರೆಯುವುದರಲ್ಲಿ ನಮ್ಮ ಪಾಲೂ ಇದೆ.

ಎಣಿಕೆಯ ಮಾತು ಬಂತಲ್ಲ. ಜರ್ಮನಿಯ ಲೈಪ್‌ಸಿಗ್‌ನಲ್ಲಿ, ಅಂದರೆ ಆಗಿನ ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿ, ಸಂತ ನಿಕೋಲಸ್ ಚರ್ಚ್ ಇದೆ. 1982ರಿಂದ ಅಲ್ಲಿ ಪ್ರತಿ ಸೋಮವಾರ ಸಂಜೆ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಯಾರು ಬೇಕಾದರೂ ಬರಬಹುದಿತ್ತು, ದೇವರನ್ನು ನಂಬದವರೂ. ಕೆಲವು ಸೋಮವಾರ ಬೆರಳೆಣಿಕೆಯಷ್ಟು ಜನ. ಆದರೂ ಬಾಗಿಲು ಮುಚ್ಚಲಿಲ್ಲ. 1989ರ ಅಕ್ಟೋಬರ್ 9 ಕೂಡ ಸೋಮವಾರವೇ. ಅವತ್ತು ಪ್ರಾರ್ಥನೆ ಮುಗಿದ ಮೇಲೆ ಸರ್ಕಾರದ ವಿರುದ್ಧ ಬೀದಿಯಲ್ಲಿ ನಡೆದವರು ಸುಮಾರು 70,000. ಕೈಯಲ್ಲಿ ಮೇಣದ ಬತ್ತಿ. ಗುಂಡು ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ನಗರವನ್ನು ಎರಡು ಮಾಡಿದ್ದ ಬರ್ಲಿನ್ ಗೋಡೆ ತೆರೆದುಕೊಂಡಿತು. ಎಲ್ಲವೂ ಆ ಚರ್ಚಿನಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅಷ್ಟು ಜನರಿಗೆ ಎಲ್ಲಿ, ಯಾವಾಗ ಸೇರಬೇಕು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೋಮವಾರ ಸಂಜೆ, ಅಲ್ಲೇ.

ಅರ್ಜೆಂಟೀನಾದಲ್ಲಿ ಸೈನಿಕ ಸರ್ಕಾರ ಎತ್ತಿಕೊಂಡು ಹೋಗಿ ಕಾಣೆಯಾಗಿಸಿದ ಮಕ್ಕಳ ತಾಯಂದಿರು 1977ರ ಏಪ್ರಿಲ್ 30ರಂದು ಬ್ಯೂನಸ್ ಐರಿಸ್‌ನ ಚೌಕದಲ್ಲಿ ಸೇರಿದಾಗ ಇದ್ದದ್ದು ಹದಿನಾಲ್ಕು ಜನ. ನಿಮಗಿಂತ ಇಬ್ಬರು ಜಾಸ್ತಿ. ಗುಂಪಾಗಿ ನಿಲ್ಲುವ ಹಾಗಿಲ್ಲ, ನಡೆಯಿರಿ ಅಂತ ಪೊಲೀಸರು ಗದರಿಸಿದರು. ಸರಿ, ನಡೆದರು. ಚೌಕದ ಸುತ್ತ, ವಾರ ವಾರ, ವರ್ಷಗಟ್ಟಲೆ.

ಇನ್ನು ಊಟ. ನೀವು ಅದನ್ನು ಕೊನೆಗೆ, ಏನೋ ಬಾಲಂಗೋಚಿ ಅನ್ನುವ ಹಾಗೆ ಬರೆದಿದ್ದೀರಿ. ಮಾಂಟ್ಗೊಮರಿಯಲ್ಲಿ ಜಾರ್ಜಿಯಾ ಗಿಲ್ಮೋರ್ ಅಂತ ಅಡುಗೆಯಾಕೆ ಇದ್ದರು. ಕೆಲವು ಹೆಂಗಸರನ್ನು ಕೂಡಿಸಿ ಮನೆಯಲ್ಲೇ ಕೇಕು, ಕಡುಬಿನಂಥ ಪೈ, ಕೋಳಿ ಊಟ ಮಾಡಿ ಮಾರಿದರು. ಬಂದ ದುಡ್ಡನ್ನು, ಬಸ್ಸಿನ ಬದಲು ಜನರನ್ನು ಕರೆದೊಯ್ಯುತ್ತಿದ್ದ ಕಾರುಗಳ ಖರ್ಚಿಗೆ ಸಭೆಯಲ್ಲಿ ಕೊಡುತ್ತಿದ್ದರು. ಹೆಸರು ಹೇಳಿದರೆ ಕೆಲಸ ಹೋಗುತ್ತದೆ. ಅದಕ್ಕೆ ತಮ್ಮ ಗುಂಪಿಗೆ ‘ಎಲ್ಲಿಯದೂ ಅಲ್ಲದ ಕ್ಲಬ್’ ಅಂತ ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು ಅಂದರೆ ಎಲ್ಲಿಂದಲೂ ಇಲ್ಲ! ಆ ಚಳವಳಿಯ ಭಾಷಣಗಳು ನಮಗೆ ಬಾಯಿಪಾಠ. ಆ ಒಲೆಗಳ ಲೆಕ್ಕ ಯಾರೂ ಓದಿಸುವುದಿಲ್ಲ. ನಿಮ್ಮ ಬಳಗದಲ್ಲಿ ಡಬ್ಬಿ ತರುವವರು ಯಾರು, ಪಾತ್ರೆ ತೊಳೆಯುವವರು ಯಾರು? ಪ್ರತಿ ಸಲ ಅದೇ ಇಬ್ಬರಾದರೆ, ಮುಂದಿನ ಶನಿವಾರ ನ್ಯಾಯದ ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡಿ.

ಚರ್ಚೆ ಅಂದಾಗ ನೆನಪಾಯಿತು. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ ಸಾಲು ಹನ್ನೆರಡು ಜನರದ್ದಲ್ಲ. ‘ಒಮ್ಮೆಯೂ ಜಗಳವಾಗಿಲ್ಲ’ ಅನ್ನುವುದು. ಮೇಷ್ಟ್ರೇ, ಹನ್ನೊಂದು ವರ್ಷ ಶಾಂತಿ ಮತ್ತು ನ್ಯಾಯದ ಬಗ್ಗೆ ಮಾತಾಡಿ ಒಂದು ಜಗಳವೂ ಆಗಿಲ್ಲ ಅಂದರೆ ನ್ಯಾಯದ ಮಾತು ಕಡಿಮೆಯಾಗಿದೆ ಅಂತಲೇ ಅರ್ಥ. ದೂರದ ಯುದ್ಧದ ಬಗ್ಗೆ ಎಲ್ಲರೂ ತಲೆಯಾಡಿಸುತ್ತಾರೆ. ನಮ್ಮ ಊರಲ್ಲಿ ಯಾರಿಗೆ ಮನೆ ಬಾಡಿಗೆಗೆ ಸಿಗುವುದಿಲ್ಲ, ಯಾರ ಕೂಲಿ ಬಾಕಿ ಇದೆ, ಚರಂಡಿ ಕೆಲಸಕ್ಕೆ ಯಾರನ್ನು ಇಳಿಸುತ್ತೇವೆ ಅಂತ ಕೇಳಿ ನೋಡಿ. ಆಗ ಕುರ್ಚಿ ಸರಿಯುವ ಸದ್ದು ಕೇಳುತ್ತದೆ. ನಾನು ಹೇಳಿದ ಆ ಒಂಬತ್ತು ಜನರಲ್ಲಿ ಒಬ್ಬರು ಸಣ್ಣ ಗಿರಣಿ ಮಾಲೀಕರು. ನಿಮ್ಮ ಆಳುಗಳಿಗೆ ಎಷ್ಟು ಕೊಡುತ್ತೀರಿ ಅಂತ ಟೈಲರ್ ಕೇಳಿದ ದಿನ ಎದ್ದು ಹೋದರು. ಎರಡು ತಿಂಗಳು ಬರಲಿಲ್ಲ. ಮೂರನೇ ತಿಂಗಳು ಬಂದು ಅದೇ ಮೂಲೆಯಲ್ಲಿ ಕೂತರು. ಕೂಲಿ ಎಷ್ಟು ಏರಿತೋ ನಾನು ಕೇಳಲಿಲ್ಲ. ಬಂದು ಕೂತರಲ್ಲ, ಅದನ್ನು ನೋಡಿದೆ.

1947ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಗಾಂಧೀಜಿಯವರ ಪ್ರಾರ್ಥನಾ ಸಭೆಯಲ್ಲಿ ಕುರಾನ್ ಓದುವುದಕ್ಕೆ ಕೆಲವರು ಅಡ್ಡಿ ಮಾಡಿದರು. ಉಳಿದವರು ಬೇಕು ಅನ್ನುತ್ತಿದ್ದರು. ಅಡ್ಡಿ ಮಾಡಿದವರನ್ನು ಎಳೆದು ಹಾಕಿಸುವುದು ಸುಲಭವಿತ್ತು. ಕುರಾನ್ ಬಿಟ್ಟು ಉಳಿದದ್ದನ್ನು ಓದುವುದು ಇನ್ನೂ ಸುಲಭ. ಗಾಂಧೀಜಿ ಎರಡನ್ನೂ ಮಾಡಲಿಲ್ಲ. ಆ ದಿನದ ಪ್ರಾರ್ಥನೆಯನ್ನೇ ಬಿಟ್ಟರು. ಮರುದಿನ ಮತ್ತೆ ಬಂದು ಕೂತರು. ಮತ್ತೆ ಅಡ್ಡಿ, ಮತ್ತೆ ಪ್ರಾರ್ಥನೆ ಇಲ್ಲ. ಕೆಲವು ದಿನ ಕಳೆದ ಮೇಲೆ ಅಡ್ಡಿ ನಿಂತಿತು, ಪ್ರಾರ್ಥನೆ ಪೂರ್ತಿ ನಡೆಯಿತು. ಭಿನ್ನಾಭಿಪ್ರಾಯವನ್ನು ಸಭೆಯೊಳಗೇ ಇಟ್ಟುಕೊಂಡು ಕಾಯುವ ಈ ತಾಳ್ಮೆ ನನಗೆ ಯಾವ ಭಾಷಣಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಇದು ವಾಟ್ಸಾಪ್‌ನಲ್ಲಿ ಆಗುತ್ತಾ? ಅಲ್ಲಿ ಎದ್ದು ಹೋದವರು ಎರಡು ತಿಂಗಳು ಬಿಟ್ಟು ಬಂದು ಮೂಲೆಯಲ್ಲಿ ಕೂರುವುದಕ್ಕೆ ಮೂಲೆಯೇ ಇಲ್ಲ. ‘ಗುಂಪು ತೊರೆದರು’ ಅಂತ ಒಂದು ಸಾಲು ಬರುತ್ತದೆ, ಮುಗಿಯಿತು. ದಿನಾಂಕ ತಿಳಿಸುವುದಕ್ಕೆ, ಕಾಯಿಲೆ ಬಿದ್ದವರ ಸುದ್ದಿ ಹೇಳುವುದಕ್ಕೆ ಫೋನು ಒಳ್ಳೆಯದು, ಖಂಡಿತ ಬಳಸಿ. ಆದರೆ ಅಂಥ ಕೆಟ್ಟ ರಾತ್ರಿಯಲ್ಲಿ ಸುಳ್ಳು ಸುದ್ದಿ ಹಬ್ಬುವುದೂ ಅದೇ ಫೋನಿನಲ್ಲೇ ಅಲ್ವಾ? ಆಗ ಬೇಕಾಗುವುದು ದಾರಿ ಗೊತ್ತಿರುವ ಕಾಲು.

ನನಗೆ ಇನ್ನೊಂದು ಸಂಕಟವೂ ಇದೆ, ಹೇಳಿಬಿಡುತ್ತೇನೆ. ದುಡ್ಡು ಕೊಡದೆ ಹತ್ತು ಜನ ಕೂತು ಮಾತಾಡುವ ಜಾಗಗಳು ಕಾಣೆಯಾಗುತ್ತಿವೆ. ಸಭಾಂಗಣ ಬೇಕು ಅಂದರೆ ಮುಂಗಡ, ಅರ್ಜಿ, ‘ಕಾರ್ಯಕ್ರಮದ ಉದ್ದೇಶ’ ಅನ್ನುವ ಕಾಲಂ. ಉದ್ದೇಶ ಶಾಂತಿ ಅಂತ ಬರೆದರೆ ಕೌಂಟರಿನವರು ಕಣ್ಣೆತ್ತಿ ನೋಡುತ್ತಾರೆ. ಪಾರ್ಕಿನಲ್ಲಿ ವೃತ್ತಾಕಾರವಾಗಿ ಕೂತರೆ ಕಾವಲುಗಾರ ಬಂದು ವಿಚಾರಿಸುತ್ತಾನೆ. ಇನ್ನು ನಡೆಯುವ ಸಭೆಗಳಲ್ಲಿ ವೇದಿಕೆ ಮೇಲೆ ಏಳು ಕುರ್ಚಿ, ಕೆಳಗೆ ನೂರು. ಮೇಲಿನವರು ಎರಡು ಗಂಟೆ ಮಾತಾಡುತ್ತಾರೆ, ಕೆಳಗಿನವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಪಕ್ಕದಲ್ಲಿ ಕೂತವರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಯಶಸ್ವಿ ಕಾರ್ಯಕ್ರಮ ಅಂತ ನಾವೇ ಅಚ್ಚು ಹಾಕುತ್ತೇವೆ.

1982ರ ಮಾರ್ಚಿನಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಸಣ್ಣ ಊರುಗಳ ವಾರ್ಷಿಕ ಸಭೆಗಳು ನಡೆದವು. ರಸ್ತೆ ರಿಪೇರಿ, ಶಾಲೆಯ ಖರ್ಚು ಇಂಥದ್ದನ್ನು ಜನರೇ ಕೂತು ತೀರ್ಮಾನಿಸುವ ಸಭೆಗಳು ಅವು. ಆ ವರ್ಷ ಅದೇ ಪಟ್ಟಿಯಲ್ಲಿ ಇನ್ನೊಂದು ವಿಷಯ ಸೇರಿತು. ಅಣ್ವಸ್ತ್ರ ತಯಾರಿಕೆ ನಿಲ್ಲಬೇಕೋ ಬೇಡವೋ. ನಿಲ್ಲಬೇಕು ಅಂದ ಊರುಗಳು 150ಕ್ಕೂ ಜಾಸ್ತಿ. ದೊಡ್ಡ ನಗರದ ದೊಡ್ಡ ಮೆರವಣಿಗೆ, ಸುಮಾರು ಹತ್ತು ಲಕ್ಷ ಜನರದ್ದು, ನ್ಯೂಯಾರ್ಕಿನಲ್ಲಿ ನಡೆದದ್ದು ಜೂನ್ 12ಕ್ಕೆ. ಸಣ್ಣ ಊರುಗಳು ಮೂರು ತಿಂಗಳು ಮುಂದಿದ್ದವು. ಚರಂಡಿಯೂ ಅಣುಬಾಂಬೂ ಒಂದೇ ಕೋಣೆಯಲ್ಲಿ ಚರ್ಚೆಗೆ ಬಂದದ್ದು ನನಗೆ ತುಂಬಾ ಇಷ್ಟ. ನಿಮ್ಮ ಎರಡನೇ ಶನಿವಾರದಲ್ಲೂ ಹಾಗೇ ಆಗಲಿ.

ಆದ್ದರಿಂದ ಸಭೆ ನಿಲ್ಲಿಸಬೇಡಿ. ದಿನ ಬದಲಿಸಬೇಡಿ, ಹೊತ್ತು ಬದಲಿಸಬೇಡಿ. ಮೂರೇ ಜನ ಬಂದರೂ ಐದು ನಿಮಿಷದ ಮೌನ ಬಿಡಬೇಡಿ. ಅಳಿಯಂದಿರನ್ನು ಒಮ್ಮೆ ಕರೆದುಕೊಂಡು ಬನ್ನಿ. ಅವರ ಪ್ರಶ್ನೆಯನ್ನು ಎಲ್ಲರ ಮುಂದೆ ಕೇಳಲಿ. ನಿಮಗೊಂದು ಒಳ್ಳೆಯ ಜಗಳವೂ ಸಿಗುತ್ತದೆ.

ಹಾಜರಿ ಪುಸ್ತಕಗಳ ವಿಷಯ ಕೇಳಿದ್ದೀರಿ. ರದ್ದಿಗೆ ಹಾಕಬೇಡಿ. ಮುಂದಿನ ಸಭೆಗೆ ಎಲ್ಲವನ್ನೂ ತಗೊಂಡು ಹೋಗಿ, ಒಬ್ಬೊಬ್ಬರ ಕೈಗೆ ಒಂದೊಂದು ಕೊಡಿ. ಬರುವುದು ನಿಲ್ಲಿಸಿದವರ ಹೆಸರುಗಳು ಅದರಲ್ಲಿವೆ. ಹಂಚಿಕೊಂಡು, ಯಾರು ಯಾರ ಮನೆಗೆ ಹೋಗಿ ಬರುವುದು ಅಂತ ಅಲ್ಲೇ ಬರೆದುಕೊಳ್ಳಿ. ಮತ್ತೆ ಮೊದಲ ಪುಸ್ತಕದ ಮೊದಲ ಪುಟ ತೆರೆದು, 11 ವರ್ಷದ ಹಿಂದಿನ ಆ ಸಂಜೆ ಎಷ್ಟು ಜನ ಸಹಿ ಹಾಕಿದ್ದರು ಅಂತ ನೋಡಿ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

— ಸಂಪಾದಕ