ಪ್ರತಿಕ್ರಿಯೆ: ಕಬಡ್ಡಿ ರೆಫರಿಗೆ ಮ್ಯಾಪ್ ಸಾಕಾ?

ಸರ್, ದಾವಣಗೆರೆಯಿಂದ ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಗೆ ರೆಫರಿಯಾಗಿ ಹೋಗಬೇಕು, ಮ್ಯಾಪ್ ನಂಬಬಹುದಾ ಅಂತ ಕೇಳಿದ್ದೀರಿ. ಬರೀ ಹೆಸರು ಹಾಕಿ ಹುಡುಕಬೇಡಿ. ಚಿತ್ರದುರ್ಗ ಜಿಲ್ಲೆಯಲ್ಲಿ ಗೊಲ್ಲರಹಟ್ಟಿ ಅನ್ನೋ ಹೆಸರಿನ ಊರುಗಳಿಗೆ ಬರವಿಲ್ಲ, ಬರ ಇರೋದು ಮಳೆಗೆ ಮಾತ್ರ! ಮ್ಯಾಪ್ ನಿಮ್ಮನ್ನು ಹಿರಿಯೂರು ಕಡೆಯದಕ್ಕೆ ಕರೆದೊಯ್ದರೂ ಒಯ್ಯಬಹುದು. ಗ್ರಾಮ ಪಂಚಾಯಿತಿ ಹೆಸರು ಕೇಳಿಟ್ಟುಕೊಳ್ಳಿ. ಆಯೋಜಕರು ಅಂಕಣದ ಪಕ್ಕದಲ್ಲೇ ನಿಂತು ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಲಿ. ಮನೆಯಲ್ಲಿ ಕೂತು ಕಳಿಸಿದರೆ ನೀವು ಅವರ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೀರಿ.

ದುರ್ಗದವರೆಗೆ ಹೈವೇ, ಚಿಂತೆಯಿಲ್ಲ. ಊರು ಮುಟ್ಟಿದ ಮೇಲೆ ಟೀ ಅಂಗಡಿಯಲ್ಲಿ ಕೇಳಿ, ಯಾವನಾದರೂ ಹುಡುಗ ಬೈಕ್ ಹತ್ತಿ ದಾರಿ ತೋರಿಸುತ್ತಾನೆ. ಒಂದು ಗಂಟೆ ಮುಂಚೆಯೇ ತಲುಪಿ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ ಇದೆಯಾ ಅಂತ ಟೇಪ್ ಹಿಡಿದು ನೋಡಬೇಕಲ್ವಾ? ಸುಣ್ಣದ ಗೆರೆ ಎಷ್ಟೋ ಕಡೆ ಅಂದಾಜಿನಲ್ಲೇ ಎಳೆದಿರುತ್ತಾರೆ.