ಟಾಗಲ್ ಬಟನ್ ಒತ್ತಿದಂತೆ ಕಾಣುತ್ತದೆ, ಕೆಲಸ ಮಾತ್ರ ಆಗುವುದಿಲ್ಲ

ಪ್ರಶ್ನೆ: ಜಾವಾ ಭಾಷೆಯಲ್ಲಿ, ಕಿಟಕಿ-ಬಟನ್‌ಗಳನ್ನು ರಚಿಸುವ ಸ್ವಿಂಗ್ ಎಂಬ ಲೈಬ್ರರಿ ಬಳಸಿ ಬರೆಯುತ್ತಿರುವ ಪಠ್ಯ ಸಂಪಾದಕದಲ್ಲಿ ಸಾಲುಸಂಖ್ಯೆಗಳನ್ನು ತೋರಿಸಲು ಜೆಟಾಗಲ್‌ಬಟನ್ (ಒಮ್ಮೆ ಒತ್ತಿದರೆ ಮತ್ತೆ ಒತ್ತುವವರೆಗೆ ಹಾಗೆಯೇ ಉಳಿಯುವ ಬಟನ್) ಇಟ್ಟು, ಅದಕ್ಕೆ ಆ್ಯಕ್ಷನ್‌ಲಿಸನರ್ (ಬಟನ್ ಒತ್ತಿದಾಗ ಓಡುವ ಕೋಡ್) ಜೋಡಿಸಿದ್ದೇನೆ. ಮೌಸ್‌ನಿಂದ ಒತ್ತಿದರೆ ಸರಿಯಾಗಿ ನಡೆಯುತ್ತದೆ. ಆದರೆ ಪ್ರೋಗ್ರಾಮ್ ತೆರೆಯುವಾಗ ಹಿಂದಿನ ಆಯ್ಕೆಯನ್ನು ಓದಿ ಬಟನ್ನಿನ ಸ್ಥಿತಿಯನ್ನು ಕೋಡ್‌ನಿಂದ ಹೊಂದಿಸುವ ಸೆಟ್‌ಸೆಲೆಕ್ಟೆಡ್‌ಗೆ ಟ್ರೂ ಕೊಟ್ಟರೆ, ಬಟನ್ ಒತ್ತಿದಂತೆ ಕಂಡರೂ ಸಂಖ್ಯೆಗಳು ಬರುವುದಿಲ್ಲ. ಜೊತೆಗೆ, ಬಟನ್ ಮೇಲಿನ ಬರಹ ‘ತೋರಿಸು’, ‘ಮರೆಮಾಡು’ ಎಂದು ಬದಲಾಗುವುದು ಬಳಸುವವರಿಗೆ ಗೊಂದಲ ತರುತ್ತಿದೆ. ಏನು ಮಾಡಬೇಕು?

ಉತ್ತರ: ಸಾಮಾನ್ಯ ಬಟನ್ ಒಂದು ಘಟನೆಯನ್ನಷ್ಟೇ ತಿಳಿಸುತ್ತದೆ, ಟಾಗಲ್ ಬಟನ್ ಒಂದು ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀವು ಕಿವಿಗೊಟ್ಟಿರುವುದು ಘಟನೆಗೆ, ನಿಮಗೆ ಬೇಕಾಗಿರುವುದು ಸ್ಥಿತಿಯ ಬದಲಾವಣೆ. ಆ್ಯಕ್ಷನ್‌ಲಿಸನರ್ ಬಳಕೆದಾರರು ಬಟನ್ ಒತ್ತಿದಾಗ ಎಚ್ಚರಗೊಳ್ಳುತ್ತದೆ; ಸೆಟ್‌ಸೆಲೆಕ್ಟೆಡ್ ಅದನ್ನು ಮುಟ್ಟುವುದೇ ಇಲ್ಲ. ಐಟಮ್‌ಲಿಸನರ್ ಆದರೋ, ಸ್ಥಿತಿ ಬದಲಾದದ್ದು ಮೌಸ್‌ನಿಂದಾದರೂ ಕೋಡ್‌ನಿಂದಾದರೂ ಓಡುತ್ತದೆ. ಆದ್ದರಿಂದ ಸಂಖ್ಯೆ ತೋರಿಸುವ ಕೋಡನ್ನು ಅಲ್ಲಿಗೆ ಸಾಗಿಸಿ. ಎರಡು ಎಚ್ಚರಿಕೆಗಳು ಅಗತ್ಯ: ಲಿಸನರ್ ಜೋಡಿಸಿದ ನಂತರವೇ ಸೆಟ್‌ಸೆಲೆಕ್ಟೆಡ್ ಕರೆಯಬೇಕು, ಬಟನ್ ಆಗಲೇ ಆ ಸ್ಥಿತಿಯಲ್ಲಿದ್ದರೆ ಬದಲಾವಣೆಯೇ ಇಲ್ಲದಿರುವುದರಿಂದ ಲಿಸನರ್ ಓಡುವುದಿಲ್ಲ, ಹಾಗಾಗಿ ಆರಂಭದ ನೋಟ ಬಟನ್ನಿನ ಆರಂಭದ ಸ್ಥಿತಿಗೆ ಹೊಂದುವಂತಿರಲಿ.

ಇದಕ್ಕೆ ಕೋಡ್‌ನಿಂದಲೇ ಬಟನ್ ಒತ್ತಿಸುವ ಡುಕ್ಲಿಕ್ ಎಂಬ ಅಡ್ಡದಾರಿಯೂ ಇದೆ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಅದು ಹೇಳಿದ ಸ್ಥಿತಿಗೆ ಒಯ್ಯದೆ ಇರುವ ಸ್ಥಿತಿಯನ್ನು ತಿರುಗಿಸುತ್ತದೆ, ಅಲ್ಲದೆ ಬಟನ್ 68 ಮಿಲಿಸೆಕೆಂಡು ಒತ್ತಿದಂತೆ ಕಾಣಲೆಂದು ಕಾಯುತ್ತದೆ. ಮುಂದೆ ಸ್ವಿಂಗ್‌ನಂತೆಯೇ ಕಿಟಕಿ-ಬಟನ್‌ಗಳನ್ನು ರಚಿಸುವ ಕ್ಯೂಟಿಗೆ ಹೋದರೆ ಇದೇ ಭೇದ ಕ್ಲಿಕ್ಡ್ ಮತ್ತು ಟಾಗಲ್ಡ್ ಸಿಗ್ನಲ್‌ಗಳ ನಡುವೆ ಸಿಗುತ್ತದೆ. ಸ್ವಿಂಗ್‌ನ ಜೆಚೆಕ್‌ಬಾಕ್ಸ್ ಮತ್ತು ಜೆರೇಡಿಯೋಬಟನ್ ಕೂಡ ಜೆಟಾಗಲ್‌ಬಟನ್‌ನಿಂದಲೇ ಹುಟ್ಟಿದ ಕ್ಲಾಸ್‌ಗಳಾದ್ದರಿಂದ ಅವುಗಳಿಗೂ ಈ ಮಾತು ಅನ್ವಯಿಸುತ್ತದೆ.

ಬರಹದ ವಿಷಯದಲ್ಲಿ ನಿಮ್ಮ ಬಳಕೆದಾರರ ದೂರು ನ್ಯಾಯವಾದದ್ದು. ಒತ್ತಿದ ಬಟನ್ ಮೇಲೆ ‘ಮರೆಮಾಡು’ ಎಂದಿದ್ದರೆ, ಅದು ಈಗಿನ ಸ್ಥಿತಿಯೋ ಒತ್ತಿದರೆ ಆಗುವ ಕೆಲಸವೋ ಎಂದು ನೋಡಿದವರು ಊಹಿಸಬೇಕಾಗುತ್ತದೆ. ಕಣ್ಣು ಕಾಣದವರಿಗೆ ಪರದೆ ಓದುವ ತಂತ್ರಾಂಶವು ಬಟನ್ನಿನ ಹೆಸರನ್ನೂ ಅದು ಒತ್ತಿದೆ ಎಂಬುದನ್ನೂ ಒಟ್ಟಿಗೆ ಹೇಳುವುದರಿಂದ ಗೊಂದಲ ಇನ್ನೂ ಹೆಚ್ಚು. ‘ಸಾಲುಸಂಖ್ಯೆ’ ಎಂಬ ಒಂದೇ ಹೆಸರನ್ನು ಸ್ಥಿರವಾಗಿ ಇಡಿ. ಒತ್ತಿದೆಯೋ ಇಲ್ಲವೋ ಎಂಬುದನ್ನು ಬಟನ್ನಿನ ಆಕಾರವೇ ಹೇಳಲಿ, ಬಣ್ಣವೊಂದನ್ನೇ ನೆಚ್ಚಬೇಡಿ.