ಆ ಡಬ್ಬಿಯನ್ನು ಎಲ್ಲಿ ಕುಳಿತು ಉಣ್ಣುತ್ತಾರೆ?

ಡೊಂಬಿವಲಿಯ ತಂಗಿಗೆ,

ನಿಮ್ಮ ಪತ್ರಕ್ಕೆ ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಎರಡು ಸಲವೂ ನೀವು ಕೇಳಿದ್ದಕ್ಕೆ ಉತ್ತರ ಬರೆದಿದ್ದೆ, ಅದೇ ತಪ್ಪಾಗಿತ್ತು.

ಓದುಗರಿಗಾಗಿ ಸಂಗತಿ ಇಷ್ಟು. ಇವರದು ಬೆಟಗೇರಿ ಕಡೆಯ ಪ್ರಾಟೆಸ್ಟಂಟ್ ಮನೆತನ. ಯಜಮಾನರ ಕೆಲಸ ಹೋಗಿ ಐದು ತಿಂಗಳಾಗಿದೆ. ಮನೆ ಸಾಲದ ಎರಡು ಕಂತು ಬಾಕಿ, ಮಗ ಹನ್ನೆರಡನೆಯ ತರಗತಿ. ಈ ತಂಗಿ ನಸುಕಿನ ನಾಲ್ಕಕ್ಕೆ ಎದ್ದು ನಲ್ಲಿ ಬಿಟ್ಟು, ಡ್ರಮ್ಮು ತುಂಬುವ ಸದ್ದಿನ ಮರೆಯಲ್ಲಿ ಪ್ರಾರ್ಥಿಸುತ್ತಾರೆ. ಶುಕ್ರವಾರ ಉಪವಾಸ. ಅದೂ ಸಾಲದೆಂದು ಯಾರಿಗೂ ಹೇಳದೆ ಒಂಬತ್ತು ಬುಧವಾರ ಮುಂಬಯಿಯ ಮಾಹಿಮ್‌ನ ಕ್ಯಾಥೊಲಿಕ್ ಚರ್ಚಿಗೆ, ನೊವೇನಾ ಎಂಬ ಹರಕೆಯ ಪ್ರಾರ್ಥನೆಗೆ, ಹೋಗಿ ಬಂದರು. ಅಲ್ಲಿ ಬಾಗಿಲ ಹೊರಗೆ ಬೇಡಿಕೆಗೆ ತಕ್ಕಂತೆ ಒಪ್ಪಿಸಲು ಮೇಣದ ಕೈ, ಕಾಲು, ಮಗು ಎಲ್ಲ ಮಾರುತ್ತಾರಲ್ಲ, ಕೆಲಸಕ್ಕೆ ಯಾವ ಆಕಾರವೆಂದು ತಿಳಿಯದೆ ಮೇಣದ ಮನೆಯೊಂದನ್ನು ಕೊಂಡು ಒಪ್ಪಿಸಿದರಂತೆ. ಇದು ಹೇಗೋ ಪ್ರಾರ್ಥನಾ ಕೂಟದ ಹಿರಿಯ ಅಕ್ಕನ ಕಿವಿಗೆ ಬಿತ್ತು. "ನಿನ್ನದು ಅಲ್ಪವಿಶ್ವಾಸ, ಅದಕ್ಕೇ ಕರ್ತನು ಬಾಗಿಲು ತೆರೆಯುತ್ತಿಲ್ಲ" ಎಂದು ಆಕೆ ಎಲ್ಲರ ಮುಂದೆ ಹೇಳಿದರು. ವಿಶ್ವಾಸದ ಬೀಜವೆಂದು ಎರಡು ಸಾವಿರ ರೂಪಾಯಿಯನ್ನೂ ಇಸಿದುಕೊಂಡರು. ನನ್ನ ಪ್ರಾರ್ಥನೆಯಲ್ಲಿ ಕೊರತೆ ಇದೆಯೇ, ಮಾಹಿಮ್‌ಗೆ ಹೋದದ್ದು ಪಾಪವೇ ಎಂಬುದು ಪ್ರಶ್ನೆ.

ಮಾಹಿಮ್ ವಿಚಾರ ಬೇಗ ಮುಗಿಸುತ್ತೇನೆ. 1948ರಿಂದ ಅಲ್ಲಿ ಬುಧವಾರದ ನೊವೇನಾ ನಡೆದುಕೊಂಡು ಬಂದಿದೆ. ಆ ಸಾಲಿನಲ್ಲಿ ಕುಂಕುಮ ಇಟ್ಟವರೂ ಬುರ್ಖಾ ತೊಟ್ಟವರೂ ನಿಲ್ಲುತ್ತಾರೆ. ಅಕ್ಕನ ಮೊಣಕಾಲಿಗಾಗಿ ಮೇಣದ ಕಾಲು ಹಿಡಿದು ನಾನೂ ನಿಂತಿದ್ದೇನೆ. ನಾನು ಕ್ರೈಸ್ತಳಲ್ಲ, ಧಾರವಾಡದ ಮಿಷನ್ ಶಾಲೆಯಲ್ಲಿ ಓದಿದವಳು ಅಷ್ಟೆ. ಶಾಸ್ತ್ರದ ಮಾತು ಬೇಕಿದ್ದರೆ ನಿಮ್ಮ ಸಭಾಪಾಲಕರನ್ನು ಕೇಳಿ, ಕೂಟದ ಅಕ್ಕನನ್ನಲ್ಲ.

ಈಗ ನಿಮ್ಮ ಪತ್ರದ ಎರಡನೆಯ ಪುಟದ ಕೊನೆಗೆ ಬರೋಣ. ಜಾಗ ಸಾಲದೆ ಅಕ್ಷರ ಸಣ್ಣದು ಮಾಡಿ ನೀವು ಹೀಗೆ ಬರೆದಿದ್ದೀರಿ: "ಅತ್ತೆಯವರಿಗೆ ಬಿ.ಪಿ. ಇರುವುದರಿಂದ ಇನ್ನೂ ಹೇಳಿಲ್ಲ. ಇವರು ಎಂದಿನಂತೆ 7:52ರ ಲೋಕಲ್ ಹಿಡಿಯುತ್ತಾರೆ. ನಾನು ಡಬ್ಬಿ ಕಟ್ಟುತ್ತೇನೆ. ಸಂಜೆ ತೊಳೆದು ತರುತ್ತಾರೆ. ಎಲ್ಲಿ ಕುಳಿತು ಉಣ್ಣುತ್ತಾರೋ ನಾನು ಕೇಳಿಲ್ಲ."

ತಂಗಿ, ನಿಮ್ಮ ಪತ್ರವೆಂದರೆ ಈ ಐದು ಸಾಲು. ಮಿಕ್ಕದ್ದೆಲ್ಲ ಲಕೋಟೆ.

ಐದು ತಿಂಗಳಿಂದ ಎರಡು ಚಪಾತಿ, ಪಲ್ಯ, ಒಂದು ಚಮಚ ಶೇಂಗಾ ಚಟ್ನಿ ಡಬ್ಬಿಗೆ ತುಂಬಿ, ಇಲ್ಲದ ಕಚೇರಿಗೆ ಗಂಡನನ್ನು ಕಳಿಸುತ್ತಿದ್ದೀರಿ. ಆತ ಯಾವುದೋ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮುಚ್ಚಳ ತೆಗೆದು, ಯಾರಾದರೂ ಪರಿಚಯದವರು ಕಂಡಾರೆಂದು ಬೆನ್ನು ತಿರುಗಿಸಿ ಉಣ್ಣುತ್ತಿರಬಹುದು. ಆಮೇಲೆ ನಲ್ಲಿ ಹುಡುಕಿಕೊಂಡು ಹೋಗಿ ಡಬ್ಬಿ ತೊಳೆಯುತ್ತಾರೆ. ನಮ್ಮ ಯಜಮಾನರು ಮೂವತ್ತು ವರ್ಷ ಚರ್ಚ್‌ಗೇಟಿಗೆ ಹೋಗಿ ಬಂದರು, ಒಂದು ದಿನವೂ ಡಬ್ಬಿ ತೊಳೆದು ತಂದವರಲ್ಲ. ಹೊತ್ತು ಹೋಗದವನು ಮಾತ್ರ ಡಬ್ಬಿ ತೊಳೆಯುತ್ತಾನೆ. ನನಗೆ ಪತ್ರದಲ್ಲಿ ಹೊಳೆದದ್ದು, ದಿನವೂ ಆ ಡಬ್ಬಿಯನ್ನು ಕಾಣುವ ನಿಮ್ಮ ಅತ್ತೆಗೆ ಹೊಳೆದಿರುವುದಿಲ್ಲವೇ?

ಈ ಅಂಕಣದ ಹಳೆಯ ಓದುಗರಿಗೆ ನನ್ನ ಹಟ ಗೊತ್ತು, ಮನೆಯೊಳಗಿನ ಗುಟ್ಟಿಗೆ ನಾನು ಹುಟ್ಟು ವೈರಿ. ಅದರಲ್ಲೂ ಈ ಗುಟ್ಟನ್ನು ಯಾರಿಂದ ಮುಚ್ಚಿಡುತ್ತಿದ್ದೀರಿ ನೋಡಿ. ಮಾವನವರು ಪರೇಲಿನ ಬಟ್ಟೆ ಮಿಲ್ಲಿನಲ್ಲಿದ್ದರು ಎಂದು ನೀವೇ ಬರೆದಿದ್ದೀರಿ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾದಾಗ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಹೊರಗೆ ಬಂದರು. ವರ್ಷ ದಾಟಿದರೂ ಅದು ಇತ್ಯರ್ಥವಾಗಲಿಲ್ಲ. ಎಷ್ಟೋ ಮಿಲ್ಲುಗಳ ಭೋಂಗಾ, ಅಂದರೆ ಪಾಳಿಯ ಸೈರನ್, ಮತ್ತೆ ಕೂಗಲೇ ಇಲ್ಲ. ಆಗ ನಿಮ್ಮ ಯಜಮಾನರು ಮೂರು ವರ್ಷದ ಕೂಸು. ಸಂಬಳವಿಲ್ಲದ ಗಂಡ ಹಗಲು ಹೊತ್ತು ಮನೆಯಲ್ಲಿ ಕುಳಿತರೆ ಚಾಳಿನ ಖೋಲಿ ಎಷ್ಟು ಚಿಕ್ಕದಾಗುತ್ತದೆ ಎಂಬುದನ್ನು ಆ ಹೆಂಗಸು ಕಂಡುಂಡಿದ್ದಾರೆ. ಅಂಥವರು ಈ ಸುದ್ದಿ ತಾಳಲಾರರು ಎನ್ನುತ್ತೀರಲ್ಲ! ತಾಳದೆ ಇರುವವರು ನೀವಿಬ್ಬರೇ.

ಪ್ರಾರ್ಥನೆಯ ಮಾತಿಗೆ ಬಂದರೆ, ಶಾಲೆಯಲ್ಲಿ ಬಾಯಿಪಾಠ ಮಾಡಿದ ಒಂದು ಸಂಗತಿ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಸಾವಿನ ಹಿಂದಿನ ರಾತ್ರಿ ಯೇಸು ಗೆತ್ಸೇಮನೆ ತೋಟಕ್ಕೆ ಒಬ್ಬನೇ ಹೋಗಲಿಲ್ಲ. ಪೇತ್ರ, ಯಾಕೋಬ, ಯೋಹಾನರನ್ನು ಜತೆಗೆ ಕರೆದುಕೊಂಡ. ತಂದೆಯ ಮುಂದೆ ಮೊಣಕಾಲೂರುವ ಮೊದಲು ಆ ಮೂವರಿಗೆ ಹೇಳಿಕೊಂಡ, ನನಗೆ ಸಾಯುವಷ್ಟು ದುಃಖವಾಗಿದೆ, ನನ್ನೊಂದಿಗೆ ಎಚ್ಚರವಾಗಿರಿ ಎಂದು. ಅವರು ನಿದ್ದೆ ಹೋದರು, ಅದು ಬೇರೆ ಮಾತು. ಆದರೆ ಮನುಷ್ಯರಿಗೆ ಹೇಳಿಕೊಂಡದ್ದು ಮೊದಲು, ದೇವರಿಗೆ ಹೇಳಿಕೊಂಡದ್ದು ಆಮೇಲೆ. ನೀವು ದೇವರೊಬ್ಬನಿಗೆ ಹೇಳಿದ್ದೀರಿ, ಅದೂ ನಲ್ಲಿ ನೀರಿನ ಸದ್ದು ಮಾಡಿ. ಕೆಲಸ ಕೊಡಿಸಬಲ್ಲ ಮೈದುನ, ನೆರೆಯವರು, ಭಾನುವಾರದ ಕನ್ನಡ ಆರಾಧನೆಗೆ ಬರುವ ಅಷ್ಟು ಜನ, ಇವರಲ್ಲಿ ಒಬ್ಬರಿಗೂ ಸುಳಿವಿಲ್ಲ. ಹಾಗಿರುವಾಗ ಉತ್ತರ ಯಾವ ಬಾಗಿಲಿನಿಂದ ಒಳಗೆ ಬರಬೇಕು?

ಕೂಟದ ಅಕ್ಕನ ಮೇಲೆ ನನಗಿರುವ ಸಿಟ್ಟನ್ನು ಎಲ್ಲ ಬರೆದರೆ ಸಂಪಾದಕರು ಕತ್ತರಿಸುತ್ತಾರೆ. ಕೇಳಿದ್ದು ಸಿಗದಿದ್ದರೆ ವಿಶ್ವಾಸ ಕಡಿಮೆ ಎನ್ನುವ ಲೆಕ್ಕ ಹಿಡಿದರೆ, ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿಯೂ ಅದನ್ನು ಕುಡಿದ ಯೇಸುವಿನದೂ ಅಲ್ಪವಿಶ್ವಾಸವೇ ಆಗಬೇಕು. ಮೈಯ ಮುಳ್ಳು ತೆಗೆಯೆಂದು ಮೂರು ಸಲ ಬೇಡಿ ಅದನ್ನು ಇಟ್ಟುಕೊಂಡೇ ಬದುಕಿದ ಪೌಲನದೂ ಅಷ್ಟೇ. ಬೈಬಲಿನ ನೂರೈವತ್ತು ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೋಳಾಟವೇ. ಹದಿಮೂರನೆಯ ಕೀರ್ತನೆಯವನು ಮೊದಲ ಎರಡು ವಚನಗಳಲ್ಲೇ ಎಷ್ಟರವರೆಗೆ, ಎಷ್ಟರವರೆಗೆ ಎಂದು ನಾಲ್ಕು ಸಲ ದೇವರನ್ನು ದಬಾಯಿಸುತ್ತಾನೆ. ಅವನ ಹತ್ತಿರ ಯಾರೂ ಎರಡು ಸಾವಿರ ಇಸಿದುಕೊಂಡ ದಾಖಲೆಯಿಲ್ಲ. ಆ ಕೂಟಕ್ಕೆ ಇನ್ನು ಒಂದು ರೂಪಾಯಿಯೂ ಬೇಡ.

ನಿಮ್ಮ ಯಜಮಾನರನ್ನು ನಾನು ಬಯ್ಯಲಾರೆ. ಡಬ್ಬಿ ತೊಳೆದು ತರುವ ಗಂಡಸನ್ನು ಬಯ್ಯಲು ಬಾಯಿ ಬರುವುದಿಲ್ಲ.

ಮಾಡಬೇಕಾದ್ದು ಒಂದೇ. ಬರುವ ಸೋಮವಾರ ಡಬ್ಬಿ ಕಟ್ಟಬೇಡಿ. ಭಾನುವಾರ ರಾತ್ರಿಯೇ ಅವರಿಗೆ ಹೇಳಿಬಿಡಿ, ನಾಳೆ ಡಬ್ಬಿ ಇಲ್ಲ, ಊಟ ಮನೆಯಲ್ಲೇ ಎಂದು. ಮಧ್ಯಾಹ್ನ ಮೂರು ತಟ್ಟೆ ಹಾಕಿ. ಅತ್ತೆ ಏನು ಕೇಳುತ್ತಾರೋ ಕೇಳಲಿ, ಏನೂ ಕೇಳದೆ ಅನ್ನ ಬಡಿಸಿದರೂ ಬಡಿಸಲಿ. ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಳ್ಳಬೇಡಿ.

ಬುಧವಾರ ಮತ್ತೆ ಮಾಹಿಮ್‌ಗೆ ಹೋಗುವ ಮನಸ್ಸಿದ್ದರೆ ಧಾರಾಳವಾಗಿ ಹೋಗಿ, ಅತ್ತೆಯವರನ್ನೂ ಕರೆದುಕೊಳ್ಳಿ. ಹನ್ನೊಂದರ ಮೇಲಿನ ಲೋಕಲ್ ಹಿಡಿದರೆ ಕೂರಲು ಜಾಗ ಸಿಗುತ್ತದೆ. ದಾದರಿನಲ್ಲಿ ಗಾಡಿ ಬದಲಿಸುವಾಗ ಸೇತುವೆಯ ಮೆಟ್ಟಿಲು ಹತ್ತಲು ಅವರಿಗೆ ನಿಮ್ಮ ಕೈ ಬೇಕಾಗುತ್ತದೆ.